ಹೆಗಲ ಮೇಲಿನ ಕಬ್ಬಿಣ

ಮಧುಗಿರಿ
18-6-2023

ಮಗಳೇ ಗಂಗಾ,

ನಿನ್ನೆ ಫೋನಿನಲ್ಲಿ ನಾನೂ ಕೂಗಾಡಿದೆ, ನೀನೂ ಕೂಗಾಡಿ ಕಟ್ ಮಾಡಿದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಇದರಲ್ಲಿ ನನ್ನ ಮಾತು ಮುಗಿಯುವ ತನಕ ನೀನು ಕಟ್ ಮಾಡುವಂತಿಲ್ಲ. ಹೇಗೂ ನಿಮ್ಮ ಅಕಾಡೆಮಿಯಲ್ಲಿ ಶನಿವಾರ ಸಂಜೆ, ಭಾನುವಾರ ಬಿಟ್ಟು ಮಿಕ್ಕ ಹೊತ್ತು ಫೋನು ಕಿತ್ತಿಟ್ಟುಕೊಳ್ಳುತ್ತಾರಲ್ಲ.

ಪೇಪರಿನ ಜಿಲ್ಲಾ ಪುಟದಲ್ಲಿ ನಿನ್ನ ಫೋಟೋ ಬಂದಿದೆ. 'ಪುಣೆಯಲ್ಲಿ ಬೆವರು ಹರಿಸುತ್ತಿರುವ ಮಧುಗಿರಿ ಹುಡುಗಿ' ಎಂದು ಹಾಕಿದ್ದಾರೆ. ಸೈಕಲ್ ಮೇಲಿರುವ ಫೋಟೋ ಆಗಿದ್ದರೆ ನಾನೇ ನಾಲ್ಕು ಪ್ರತಿ ಕೊಂಡು ಹಂಚುತ್ತಿದ್ದೆ. ಇದರಲ್ಲಿ ನೀನು ಕಬ್ಬಿಣದ ರಾಡನ್ನು ಹೆಗಲ ಮೇಲೆ ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದೀಯ. ರಾಡಿನ ಎರಡೂ ತುದಿಗೆ ತೂಕದ ಬಿಲ್ಲೆಗಳು. ಕತ್ತಿನ ನರ ಉಬ್ಬಿದೆ, ಬಾಯಿ ಸೊಟ್ಟಗಾಗಿದೆ.

ಆ ಮುಖ ನಾನು ನೋಡಿದ್ದೇನೆ. ನಿಮ್ಮ ತಾತ ಲಕ್ಷ್ಮಯ್ಯ ಶಿರಾ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದಾಗ, ಮೂಟೆ ಹೊತ್ತು ಲಾರಿಗೆ ಹಾಕಿದ ಹಲಗೆ ಹತ್ತುವಾಗ, ಅವರ ಮುಖ ಹಾಗೇ ಇರುತ್ತಿತ್ತು. ನಾನು ಶಾಲೆ ಮುಗಿಸಿ ಬಂದು ಲಾರಿಯ ಪಕ್ಕ ನಿಂತು ನೋಡುತ್ತಿದ್ದೆ. ಐವತ್ತು ದಾಟುವಷ್ಟರಲ್ಲಿ ಅವರ ಬೆನ್ನು ಬಾಗಿಹೋಯಿತು, ಮಲಗಿದರೂ ನೆಟ್ಟಗಾಗುತ್ತಿರಲಿಲ್ಲ. "ಲೇ ಲಕ್ಷ್ಮೀಪತಿ, ನೀನು ಪೆನ್ನು ಹಿಡ್ಕಳ್ಲಾ. ಅದ್ಕಿಂತ ತೂಕದ್ದು ಏನೂ ಹೊರಬ್ಯಾಡ" ಎಂದು ಹೇಳುತ್ತಿದ್ದರು.

ನಾನು ಹೊರಲಿಲ್ಲ. ಗುಮಾಸ್ತನಾದೆ. ಈಗ ನನ್ನ ಮಗಳು ಬಿ.ಎ. ಮಾಡಿ, ರಾಜ್ಯ ದಾಟಿ ಹೋಗಿ, ತಾನಾಗಿಯೇ ಹೊರುತ್ತಿದ್ದಾಳೆ. ಸೈಕಲ್ ತುಳಿಯುವವಳಿಗೆ ಇದೆಲ್ಲ ಯಾಕೆ? ಪಾವಗಡದ ರಸ್ತೆಯಲ್ಲಿ ಬಸ್ಸಿನ ಹಿಂದೆ ತುಳಿದು ತುಳಿದೇ ಅಲ್ಲವೇ ನೀನು ರಾಜ್ಯ ಮಟ್ಟಕ್ಕೆ ಹೋದದ್ದು? ಆಗ ಯಾವ ಕಬ್ಬಿಣ ಎತ್ತಿದ್ದೆ?

ನಿಮ್ಮಮ್ಮ ಹುಚ್ಚೆಳ್ಳಿನ ಚಟ್ನಿಪುಡಿ ಕಳಿಸಿದ್ದಾಳೆ. ನಿಮ್ಮಜ್ಜಿ ಪಟಾಲಮ್ಮ ಫೋಟೋವನ್ನು ತುಂಬ ಹೊತ್ತು ನೋಡಿದಳು. ಪೇಪರು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಕೇಳಿದರೂ ಕೊಡುತ್ತಿಲ್ಲ.

ಜೈಭೀಮ್.
ನಿನ್ನ ಅಪ್ಪ
ಲಕ್ಷ್ಮೀಪತಿ


ಪುಣೆ
2-7-2023

ಅಪ್ಪಾ,

ನಿನ್ನ ಕಾಗದ ಪೂರ್ತಿ ಓದಿದೆ. ನನ್ನದನ್ನೂ ನೀನು ಹಾಗೇ ಓದಬೇಕು.

ಪಾವಗಡ ರಸ್ತೆಯಲ್ಲಿ ನಾನು ತುಳಿಯುತ್ತಿದ್ದದ್ದು ದೂರದ ಸ್ಪರ್ಧೆಗೆ. ಅದಕ್ಕೆ ಬೇಕಾದ್ದು ದಮ್ಮು. ಇಲ್ಲಿಗೆ ಬಂದ ಮೇಲೆ ನಮ್ಮ ಕೋಚ್ ತೇಜಸ್ವಿನಿ ಮೇಡಂ ನನ್ನನ್ನು ಸ್ಪ್ರಿಂಟ್‌ಗೆ ಹಾಕಿದರು. ಅದು ಬೇರೆಯೇ ಆಟ. ಬಾಣಲೆಯ ಹಾಗೆ ಅಂಚು ಮೇಲೆದ್ದ ಟ್ರ್ಯಾಕು. ಸೈಕಲ್ಲಿಗೆ ಬ್ರೇಕಿಲ್ಲ, ಇರುವುದು ಒಂದೇ ಗೇರು, ಅದೂ ಭಾರದ್ದು. ಸವಾರರು ಇಬ್ಬರೇ. ಮೊದಲು ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡುತ್ತ ನಿಧಾನಕ್ಕೆ ಸುತ್ತುತ್ತೇವೆ. ಕೊನೆಯ ಇನ್ನೂರು ಮೀಟರಿನಲ್ಲಿ ಎಲ್ಲ ತೀರ್ಮಾನವಾಗುತ್ತದೆ. ಅಲ್ಲಿ ಕಾಲು ಬೇಗ ತಿರುಗಿದರೆ ಸಾಲದು, ಒಂದೊಂದು ತುಳಿತದಲ್ಲೂ ಬಲ ಬೀಳಬೇಕು. "ನಿನ್ನ ಕಾಲು ಗಿರಗಿಟ್ಲೆ ಥರ ತಿರುಗುತ್ತೆ, ಆದರೆ ಪೆಡಲ್‌ಗೆ ಪೆಟ್ಟೇ ಬೀಳ್ತಿಲ್ಲ" ಅಂದರು ಮೇಡಂ.

ಆ ಬಲಕ್ಕಾಗಿ ಈ ಕಬ್ಬಿಣ. ಭಾರ ಹೆಚ್ಚು, ಎತ್ತುವ ಸಲ ಕಡಿಮೆ. ನಾಲ್ಕೈದು ಸಲ ಎತ್ತಿ, ಚೆನ್ನಾಗಿ ಸುಧಾರಿಸಿಕೊಂಡು, ಮತ್ತೆ ಎತ್ತುತ್ತೇವೆ. ಸುಸ್ತಾಗಲೆಂದು ಎತ್ತುವುದಲ್ಲ ಅಪ್ಪಾ, ಜೋರು ಬರಲೆಂದು. ಆಮೇಲೆ ಆ ಜೋರನ್ನು ಸೈಕಲ್ಲಿಗೆ ತರಬೇಕು. ನಿಂತ ಜಾಗದಿಂದ ಭಾರದ ಗೇರಿನಲ್ಲಿ ಒಮ್ಮೆಲೇ ನುಗ್ಗುವ ಅಭ್ಯಾಸ ಮಾಡಿಸುತ್ತಾರೆ.

ಇನ್ನು ತಾತನ ವಿಷಯ. ತಾತನ ಹೆಗಲ ಮೇಲೆ ಮೂಟೆ ಇಟ್ಟವರು ಬೇರೆಯವರು. ಎಷ್ಟು ಹೊರಬೇಕು, ಎಲ್ಲಿಯ ತನಕ ಹೊರಬೇಕು ಎಂದು ಹೇಳಿದವರೂ ಬೇರೆಯವರು. ಒಳಗಿದ್ದ ಕಡಲೆಕಾಯಿಯೂ ಬೇರೆಯವರದ್ದೇ. ನನ್ನ ಹೆಗಲ ಮೇಲೆ ಕಬ್ಬಿಣ ಇಟ್ಟುಕೊಳ್ಳುವವಳು ನಾನು. ಅದರಿಂದ ಬರುವ ಬಲವೂ ನನಗೇ. ಹಮಾಲಿಯ ಮೊಮ್ಮಗಳು ಭಾರ ಮುಟ್ಟಬಾರದು ಅನ್ನುವುದಾದರೆ, ತಾತನ ಮೂಟೆ ಇನ್ನೂ ನಮ್ಮ ಮೇಲೆಯೇ ಇದೆ ಎಂದು ಅರ್ಥ. ಅದನ್ನು ನಾನು ಒಪ್ಪುವುದಿಲ್ಲ.

ಮಿಕ್ಕಂತೆ ಎಲ್ಲ ಚೆನ್ನಾಗಿದೆ. ಟ್ರ್ಯಾಕಿನಲ್ಲಿ ವೇಗ ಹೆಚ್ಚುತ್ತಿದೆ. ಚಟ್ನಿಪುಡಿ ಆಗಲೇ ಖಾಲಿ. ಪಂಜಾಬಿನ ಹುಡುಗಿಯರು ಚಪಾತಿಯ ಮೇಲೆ ಸುರಿದುಕೊಂಡು ತಿಂದರು. ಫೋಟೋ ನೋಡಿ ಅಜ್ಜಿಗೆ ಏನನ್ನಿಸಿತು, ಕೇಳಿ ಬರಿ.

ಗಂಗಾ


ಮಧುಗಿರಿ
30-7-2023

ಮಗಳೇ,

ನಿನ್ನ ವಾದ ಓದಿದೆ. ವಾದ ಮಾಡಲು ಕಲಿಸಿದವನು ನಾನೇ, ಅನುಭವಿಸುತ್ತೇನೆ.

ಸರ್ಕಾರಿ ಕೆಲಸದ ಪರೀಕ್ಷೆಗೆ ನಿನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದೇನೆ. ಅಕ್ಟೋಬರಿನಲ್ಲಿ ಪರೀಕ್ಷೆ, ತುಮಕೂರಿನಲ್ಲಿ ಸೆಂಟರು. ಒಂದು ತಿಂಗಳು ಮೊದಲೇ ಬಂದು ಓದಿಕೋ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸದ ಬೆಲೆ ನಿನಗೆ ಈಗ ತಿಳಿಯುವುದಿಲ್ಲ.

ಕೊರಟಗೆರೆಯಿಂದ ನಿನ್ನ ಅತ್ತೆ ವನಜಾಕ್ಷಿ ಬಂದಿದ್ದಳು. ಫೋಟೋ ನೋಡಿ, "ಅಲ್ಲ ಕಣಣ್ಣಾ, ಹೆಣ್ಮಗಳ ತೊಡೆ ಗಂಡಸ್ರ ಥರ ಆಗೋದ್ರೆ ನಾಳೆ ಯಾರ್ ಮುಂದೆ ನಿಲ್ಲಿಸ್ತೀಯ?" ಅಂದಳು. ನಾನು ಉತ್ತರ ಕೊಡಲಿಲ್ಲ.

ಒಂದು ಮಾತು. ಇನ್ನು ಮೇಲೆ ಆ ಥರದ ಫೋಟೋ ಪೇಪರಿನಲ್ಲಿ ಬರುವುದು ಬೇಡ. ಆಫೀಸಿನಲ್ಲಿ ನಾನು ತಲೆಯೆತ್ತಿ ಕೂರಬೇಕು. ಕಾರಣ ಕೇಳಬೇಡ.

ನಿಮ್ಮಜ್ಜಿಯನ್ನು ಕೇಳಿದೆ. "ಎಷ್ಟು ತೂಕ ಎತ್ತಾವ್ಳೆ ಅಂತ ಕೇಳ್ಲಾ ಮೊದ್ಲು" ಅಂದಳು. ಅಷ್ಟೇ.

ಅಪ್ಪ


ಪುಣೆ
12-8-2023

ಅಪ್ಪನವರಿಗೆ,

ಆಫೀಸಿನಲ್ಲಿ ತಲೆಯೆತ್ತಿ ಕೂರಬೇಕು ಎಂದು ಬರೆದಿದ್ದೀರಿ. ನನ್ನ ತೊಡೆಯಿಂದ ನಿಮ್ಮ ತಲೆ ತಗ್ಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅತ್ತೆಯ ಮಾತಿಗೆ ಬೇಸರವಿಲ್ಲ. ನೀವು ಉತ್ತರ ಕೊಡಲಿಲ್ಲವಲ್ಲ, ಅದಕ್ಕೆ ಬೇಸರ. ಹಿಂದೆ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ನಾನು ಹುಡುಗರನ್ನು ಹಿಂದೆ ಹಾಕಿದಾಗ, ಕೇರಿಯವರ ಮುಂದೆ "ನನ್ನ ಮಗಳು" ಎಂದು ಎದೆ ತಟ್ಟಿಕೊಂಡವರು ನೀವೇ. ಈಗ ಉತ್ತರ ಕೊಡಲು ಬಾಯಿ ಬರಲಿಲ್ಲವೇ?

ಅತ್ತೆಗೆ ಹೇಳಿ, ನನ್ನನ್ನು ಯಾರ ಮುಂದೆಯೂ ಯಾರೂ ನಿಲ್ಲಿಸಬೇಕಿಲ್ಲ. ಕಳೆದ ವಾರ ಹಳೆಯ ಜೀನ್ಸ್ ತೊಡೆಯ ಹತ್ತಿರ ಹರಿಯಿತು. ಎಸೆದು ದೊಡ್ಡದು ತಂದುಕೊಂಡೆ.

ಪರೀಕ್ಷೆಗೆ ಬರುವುದಿಲ್ಲ.

ಅಜ್ಜಿಗೆ ಹೇಳಿ: ತೊಂಬತ್ತು ಕೆ.ಜಿ.

ಗಂಗಾಂಬಿಕಾ


ಮಧುಗಿರಿ
24-9-2023

ಗಂಗಾ,

ಈ ಸಲ 'ನೀವು' ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ನೀನು ನನ್ನನ್ನು ಹಾಗೆ ಕರೆದವಳಲ್ಲ.

ಆಮೇಲೆ ಕಾಗದವೇ ಇಲ್ಲ. ಭಾನುವಾರ ಫೋನ್ ಮಾಡಿದರೂ ಎತ್ತುತ್ತಿಲ್ಲ. ಅಮ್ಮನಿಗೆ ಮಾತ್ರ 'ಚೆನ್ನಾಗಿದ್ದೀನಿ' ಎಂದು ಮೆಸೇಜ್ ಬರುತ್ತದೆ. ಗೆಲ್ಲುತ್ತಿರುವವಳಿಗೆ ಗುಮಾಸ್ತ ಅಪ್ಪ ಬೇಡವಾದನೇನೋ. ಆಗಲಿ.

ಹಾಲ್ ಟಿಕೆಟ್ ಬಂದಿದೆ. ಬರುವ ಮನಸ್ಸಾದರೆ ಬಾ.

ತೊಂಬತ್ತು ಅಂದಾಗ ನಿಮ್ಮಜ್ಜಿ, "ಎಲ್ಡು ಮೂಟೆ ಕಡ್ಲೆಕಾಯಿ ಆಯ್ತಲ್ಲೋ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಪ್ಪ


ಪುಣೆ
20-11-2023

ಅಪ್ಪಾ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಕೋಪಕ್ಕೆ ಬರೆಯಲಿಲ್ಲ ಎಂದು ನೀನು ತಿಳಿದಿದ್ದೀಯ. ಕೂತು ಬರೆಯಲು ಆಗುತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಜುಲೈನಲ್ಲಿ ವೇಗ ಹೆಚ್ಚುತ್ತಿದೆ ಎಂದು ಬರೆದೆನಲ್ಲ, ಅದು ನಿಜವಲ್ಲ. ಭಾರ ಎತ್ತಲು ಶುರುಮಾಡಿದ ಮೇಲೆ ನನ್ನ ವೇಗ ಕಡಿಮೆಯಾಗಿತ್ತು. ಕಾಲು ಸೀಸದ ಹಾಗೆ. ನನಗಿಂತ ಚಿಕ್ಕವರೂ ಟ್ರ್ಯಾಕಿನಲ್ಲಿ ನನ್ನನ್ನು ದಾಟಿ ಹೋಗುತ್ತಿದ್ದರು. ಮೇಡಂ ಮಾತ್ರ, "ಈಗ ನಿಧಾನ ಆಗಲೇಬೇಕು. ಮೈಯಲ್ಲಿ ದಣಿವು ತುಂಬಿದೆ. ಕೊನೆಗೆ ಭಾರ ಇಳಿಸಿದಾಗ ಬಲ ಮೇಲೆ ಬರುತ್ತೆ" ಎನ್ನುತ್ತಿದ್ದರು. ನಿನಗೆ ತಿಳಿಸಿದರೆ 'ನಾನು ಹೇಳಲಿಲ್ಲವಾ' ಅನ್ನುತ್ತೀಯ ಎಂದು ಮುಚ್ಚಿಟ್ಟೆ.

ನಿನಗೆ 'ನೀವು' ಎಂದು ಕಾಗದ ಬರೆದು ಹಾಕಿದ ಮರುದಿನ, ಮೇಡಂ ಇಲ್ಲದ ಹೊತ್ತಿನಲ್ಲಿ ಜಿಮ್‌ಗೆ ಹೋದೆ. ಹೇಳಿದ್ದಕ್ಕಿಂತ ಹೆಚ್ಚು ಬಿಲ್ಲೆ ಹಾಕಿದೆ. ಕೂತೆ. ಏಳುವಾಗ ಸೊಂಟದ ಮೇಲೆ ಚಳಕ್ ಅಂದಿತು. ರಾಡು ಆಸರೆಗೆಂದು ಇಟ್ಟ ಅಡ್ಡಪಟ್ಟಿಯ ಮೇಲೆ ಬಿತ್ತು, ನಾನು ನೆಲದ ಮೇಲೆ.

ಡಾಕ್ಟರು ಬೆನ್ನಿನ ಸ್ನಾಯು ಹರಿದಿದೆ, ಮೂಳೆಗೆ ಏನೂ ಆಗಿಲ್ಲ ಅಂದರು. ಬೆನ್ನು ಎಂದು ಬರೆದರೆ ನಿನ್ನ ಕಣ್ಣ ಮುಂದೆ ತಾತ ಬರುತ್ತಾರೆ ಎಂದು ಗೊತ್ತಿತ್ತು. ಹೇಗೆ ಬರೆಯಲಿ? ಮೇಡಂ ಆಸ್ಪತ್ರೆಗೆ ಬಂದು, "ಭಾರ ಎತ್ತೋಕೆ ಬಂದಿದ್ದೀಯೋ, ಸಿಟ್ಟು ಎತ್ತೋಕೆ ಬಂದಿದ್ದೀಯೋ? ಮನೆಗೆ ಹೋಗು" ಅಂದರು. ಹೋಗುವುದಿಲ್ಲ ಅಂದೆ. "ಹಾಗಾದರೆ ಖಾಲಿ ರಾಡಿನಿಂದ ಶುರು ಮಾಡಬೇಕು. ನಾಚಿಕೆ ಆಗುತ್ತೆ, ನೋಡು" ಅಂದರು. ಆಗಲಿ ಅಂದೆ.

ಬೇರೆಯವರು ಬಿಲ್ಲೆಗಳ ಮೇಲೆ ಬಿಲ್ಲೆ ಹಾಕುವಾಗ ನಾನು ಪಕ್ಕದಲ್ಲಿ ಖಾಲಿ ರಾಡು ಹೊತ್ತು ಕೂರುವುದು, ಏಳುವುದು ಮಾಡಿದೆ. ಬೆನ್ನು ಹೇಗಿರಬೇಕು, ಉಸಿರು ಎಲ್ಲಿ ಹಿಡಿಯಬೇಕು, ಎಲ್ಲ ಹೊಸದಾಗಿ ಕಲಿತೆ. ಈಗ ಸರಿಯಾಗಿದ್ದೇನೆ. ಮತ್ತೆ ಭಾರ ಏರಿಸುತ್ತಿದ್ದೇನೆ. ಬೇಡ ಎಂದು ಬರೆಯಬೇಡ. ನಾನು ಕೇಳುವುದಿಲ್ಲ.

ಗಂಗಾ


ಮಧುಗಿರಿ
3-12-2023

ಮಗಳೇ ಗಂಗಾ,

ಕಾಗದ ಓದಿ ಆ ರಾತ್ರಿಯೇ ಪುಣೆಯ ಬಸ್ಸು ಹತ್ತಬೇಕು ಅನ್ನಿಸಿತು. ನಿಮ್ಮಮ್ಮ ತಡೆದಳು. ಬೇಡ ಎಂದು ಬರೆಯುವುದಿಲ್ಲ. ಈಗ ನಾನೂ ಮುಚ್ಚಿಟ್ಟಿದ್ದನ್ನು ಹೇಳಬೇಕು.

ನಿನ್ನ ಫೋಟೋ ಬಂದ ದಿನ ಆಫೀಸಿನಲ್ಲಿ ಎಲ್ಲರೂ ಪೇಪರು ಸುತ್ತುವರಿದು ನಿಂತಿದ್ದರು. ನಾನು ಹೆಮ್ಮೆಯಿಂದಲೇ ಹತ್ತಿರ ಹೋದೆ. ನಮ್ಮ ಮ್ಯಾನೇಜರು ನನ್ನ ಮುಖ ನೋಡಿ, "ಏನ್ ಲಕ್ಷ್ಮೀಪತಿ, ಅಪ್ಪ ಮೂಟೆ ಹೊತ್ತ, ಮಗಳು ಕಬ್ಬಿಣ ಹೊರ್ತಾವ್ಳೆ. ಮಧ್ಯದಲ್ಲಿ ನಿಮ್ಗೊಬ್ರಿಗೆ ಕುರ್ಚಿ ಸಿಕ್ತು ನೋಡಿ. ನಿಮ್ಮೋರ ರಕ್ತ ಎಲ್ಲೋಯ್ತದೆ ಬುಡಿ" ಅಂದರು. ಎಲ್ಲರೂ ನಕ್ಕರು.

ನಾನೂ ನಕ್ಕೆ ಗಂಗಾ.

ಆ ಸಂಜೆಯೇ ನಿನಗೆ ಫೋನ್ ಮಾಡಿ ಕೂಗಾಡಿದ್ದು. ಅಲ್ಲಿ ಆಡಬೇಕಾದ ಮಾತನ್ನು ನಿನ್ನ ಮೇಲೆ ಆಡಿದೆ. ನಿನ್ನ ತೊಡೆಯ ಬಗ್ಗೆ ನನಗೆ ಎಂದೂ ನಾಚಿಕೆಯಿರಲಿಲ್ಲ. ನಾನು ನಕ್ಕದ್ದಕ್ಕೆ ನಾಚಿಕೆಯಿತ್ತು.

ಎಲ್ಲರ ಕಣ್ಣೆದುರಿಗೆ ಖಾಲಿ ರಾಡು ಹೊತ್ತು ಕೂತೆ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಸೋಮವಾರ ಮ್ಯಾನೇಜರ ಟೇಬಲ್ಲಿನ ಮುಂದೆ ನಿಂತು, "ಸಾರ್, ಜೂನ್‌ನಲ್ಲಿ ನೀವಾಡಿದ ಮಾತು ಇನ್ನೊಂದು ಸಲ ಆಡಿ, ಬರ್ಕೋತೀನಿ" ಅಂದೆ. "ಯಾವ ಮಾತ್ರೀ? ತಮಾಷೆ ಅರ್ಥ ಆಗಲ್ವಾ ನಿಮಗೆ?" ಅಂದರು. ಅರ್ಥವಾಗಿದೆ ಎಂದು ಹೇಳಿ ಬಂದು, ಮೇಲಿನವರಿಗೆ ದೂರು ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ.

ಈಗ ಟೀ ಕುಡಿಯಲು ನನ್ನ ಜೊತೆ ಯಾರೂ ಬರುವುದಿಲ್ಲ. ಅಟೆಂಡರ್ ಮಲ್ಲೇಶ್ ಒಬ್ಬನೇ ಬರುತ್ತಾನೆ. ಅವತ್ತು ಅವನೂ ಅಲ್ಲಿದ್ದ. "ನಾನ್ ಕೇಳಿಸ್ಕಂಡಿವ್ನಿ ಸಾ, ಎಲ್ಲಿ ಕರುದ್ರೂ ಬಂದ್ ಹೇಳ್ತೀನಿ" ಅಂದ.

ಬೆನ್ನು ಜೋಪಾನ.

ಜೈಭೀಮ್.
ಅಪ್ಪ


ಪುಣೆ
28-1-2024

ಅಪ್ಪಾ,

ನೀನು ನಕ್ಕೆ ಎಂದು ಬರೆದದ್ದನ್ನು ಓದಿ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ದೂರು ಕಳಿಸಿದೆ ಎಂಬುದನ್ನು ಓದಿದೆ. ರೂಮಿನ ಹುಡುಗಿಯರಿಗೆ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದೆ. ಹರಿಯಾಣದವಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ನಿನ್ನನ್ನು ಕೇಳದೆ, ಅಪ್ಪನಿಗೆ ನನ್ನ ಮೈಯ ಬಗ್ಗೆ ನಾಚಿಕೆ ಎಂದುಕೊಂಡುಬಿಟ್ಟೆ. ತಪ್ಪಾಯಿತು.

ಫೆಬ್ರವರಿ ಹದಿನೆಂಟಕ್ಕೆ ಇಲ್ಲೇ ಟ್ರ್ಯಾಕಿನಲ್ಲಿ ಸ್ಪರ್ಧೆಯಿದೆ. ಸ್ಪ್ರಿಂಟ್‌ನಲ್ಲಿ ಮೊದಲ ಇಬ್ಬರಿಗೆ ರಾಷ್ಟ್ರೀಯ ತರಬೇತಿಗೆ ಕರೆ ಬರುತ್ತದೆ. ಮೇಡಂ ಈಗ ಭಾರ ಇಳಿಸುತ್ತಿದ್ದಾರೆ. ಸ್ವಲ್ಪವೇ ಎತ್ತುವುದು, ಆದರೆ ಮಿಂಚಿನ ಹಾಗೆ ಎತ್ತುವುದು. ನಿನ್ನೆ ಟ್ರ್ಯಾಕಿಗೆ ಇಳಿದೆ. ಅದೇ ಗೇರು. ಮೊದಲ ತುಳಿತಕ್ಕೇ ಸೈಕಲ್ಲು ನನ್ನ ಕೆಳಗಿನಿಂದ ಹಾರಿಹೋಗುತ್ತದೇನೋ ಅನ್ನಿಸಿತು. ಮೇಡಂ ಗಡಿಯಾರ ನೋಡಿ ನನಗೇ ತೋರಿಸಿದರು. ಅಷ್ಟು ವೇಗವಾಗಿ ನಾನು ಎಂದೂ ತುಳಿದಿಲ್ಲ ಅಪ್ಪಾ. ಈ ಸಲ ನಿಜವಾಗಿಯೂ.

ನೀನು ಬಾ. ಅಮ್ಮ, ಅಜ್ಜಿಯನ್ನೂ ಕರೆದುಕೊಂಡು ಬಾ.

ಗಂಗಾ


ಮಧುಗಿರಿ
25-2-2024

ಮಗಳೇ ಗಂಗಾ,

ಪುಣೆಯ ಬಸ್ ಸ್ಟ್ಯಾಂಡಿನಲ್ಲಿ ನಾನು ಬರೀ ಬ್ಯಾಗು, ಟಿಕೆಟ್ಟು ಎಂದು ಓಡಾಡಿದ್ದು ನೋಡಿ ನಿನಗೆ ಬೇಸರವಾಗಿರಬಹುದು. ಬಾಯಲ್ಲಿ ಬಾರದ ಮಾತು ಕಾಗದದಲ್ಲಾದರೆ ಬರುತ್ತದೆ.

ಸೆಮಿಫೈನಲಿನಲ್ಲಿ ನಿನ್ನ ಎದುರಾಳಿ ಹುಡುಗಿ ಮೇಲಿನ ಅಂಚಿನಲ್ಲಿ, ನೀನು ಕೆಳಗೆ. ಇಬ್ಬರೂ ನಡೆದುಕೊಂಡು ಹೋಗುವಷ್ಟು ನಿಧಾನ. ನನಗೆ ಸಿಟ್ಟೇ ಬಂತು, ಇವಳು ಯಾಕೆ ತುಳಿಯುತ್ತಿಲ್ಲ ಎಂದು. ಅಷ್ಟರಲ್ಲಿ ಅವಳು ಮೇಲಿನಿಂದ ಹದ್ದಿನ ಹಾಗೆ ಇಳಿದಳು. ನೀನು ಪೆಡಲ್ ಮೇಲೆ ಎದ್ದು ನಿಂತೆ. ನಿನ್ನ ಒಂದೊಂದು ತುಳಿತಕ್ಕೂ ಸೈಕಲ್ಲು ಅತ್ತ ಇತ್ತ ಬಳುಕುವುದು ನನಗೆ ಕಾಣುತ್ತಿತ್ತು. ನಿಮ್ಮಜ್ಜಿ ಸೀರೆ ಎತ್ತಿ ಕಟ್ಟಿ ಬೆಂಚಿನ ಮೇಲೆ ಹತ್ತಿ, "ತುಳಿಯೇ! ತುಳಿಯೇ ನನ್ನವ್ವ!" ಎಂದು ಕಿರುಚಿದಳು. ಹಿಂದಿದ್ದ ಮರಾಠಿಯವರು ಬಯ್ಯುತ್ತಿದ್ದವರು, ಆಮೇಲೆ ಅವರೂ "ತುಳಿಯೇ" ಎಂದು ಕೂಗತೊಡಗಿದರು. ನೀನು ಗೆರೆ ದಾಟಿದಾಗ ನಾನು ಯಾರನ್ನೋ ತಬ್ಬಿಕೊಂಡಿದ್ದೆ. ಯಾರೋ ಗೊತ್ತಿಲ್ಲ.

ಫೈನಲಿನಲ್ಲಿ ಎರಡನೆಯವಳಾದದ್ದಕ್ಕೆ ಮುಖ ಸಣ್ಣ ಮಾಡಿಕೊಂಡಿದ್ದೆ. ಕರೆ ಬಂತಲ್ಲ, ಸಾಕು. ಆ ಮೊದಲನೆಯವಳು ಇನ್ನೊಂದು ಸಲ ಸಿಗುತ್ತಾಳೆ.

ಮರುದಿನ ಅಜ್ಜಿ ಹಟ ಹಿಡಿದಳೆಂದು ಜಿಮ್ ತೋರಿಸಿದೆಯಲ್ಲ. ನೀನು ಕಬ್ಬಿಣ ನೆಲದಿಂದ ಎತ್ತಿ, ನೆಟ್ಟಗೆ ನಿಂತು, ಕೈ ಬಿಟ್ಟೆ. ದಢಾರ್ ಎಂದು ಬಿತ್ತು. ನಿಮ್ಮಜ್ಜಿ ಬಗ್ಗಿ ಆ ಬಿಲ್ಲೆಗಳನ್ನು ಮುಟ್ಟಿ ನೋಡಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು: "ನೋಡಿದೇನ್ಲಾ, ಎಂಗೆ ಎತ್ತಾಕ್ಬುಟ್ಲು! ನಿಮ್ಮಪ್ಪ ಒಂದಿನಾನೂ ಅಂಗೆ ಎತ್ತಾಕ್ಲಿಲ್ಲ ಕಣ್ಲಾ. ಮೂಟೆ ಒಡುದ್ರೆ ಕೂಲಿ ಮುರ್ಕೊಳ್ಳೋರು ಅಂತ, ಬೆನ್ನು ಮುರುದ್ರೂ ಮೆಲ್ಲಕೆ ಇಳಿಸೋರು."

ಇನ್ನೊಂದು ಸುದ್ದಿ. ಊರಿಗೆ ಬಂದರೆ ಟೇಬಲ್ಲಿನ ಮೇಲೆ ವರ್ಗಾವಣೆ ಆದೇಶ. ಪಾವಗಡಕ್ಕೆ. ನಿನಗೆ ಬೇರೆ ಯಾರಿಂದಲೋ ತಿಳಿಯುವುದು ಬೇಡ ಎಂದು ನಾನೇ ಬರೆಯುತ್ತಿದ್ದೇನೆ.

ಅಪ್ಪ


ಪುಣೆ
5-3-2024

ಅಪ್ಪಾ,

ತಪ್ಪು ಮಾಡಿದವರು ಮಧುಗಿರಿಯಲ್ಲಿ, ನೀನು ಪಾವಗಡದಲ್ಲಿ! ಪೆನ್ನು ಒತ್ತಿ ಒತ್ತಿ ಹಾಳೆಯೇ ಹರಿಯಿತು, ಇದು ಎರಡನೆಯದು. ಆದರೂ ಈ ಸಲ ಜಿಮ್‌ಗೆ ಹೋಗಿ ಸಿಟ್ಟು ಎತ್ತಲಿಲ್ಲ.

ನಾಡಿದ್ದು ರಾಷ್ಟ್ರೀಯ ಶಿಬಿರಕ್ಕೆ ದೆಹಲಿಗೆ ಹೊರಡುತ್ತಿದ್ದೇನೆ. ನಿನಗೆ ಕಷ್ಟವಾದರೆ ನಾನು ಊರಿಗೆ ಬರಲೇ ಎಂದು ಬರೆಯಲು ಹೋದೆ, ಹೊಡೆದುಹಾಕಿದೆ. ಬಂದರೆ ನೀನೇ ಬಾಗಿಲು ತೆಗೆಯುವುದಿಲ್ಲ. ದೂರು ಮಾತ್ರ ವಾಪಸ್ ತೆಗೆದುಕೊಳ್ಳಬೇಡ.

ಗಂಗಾ


ಪಾವಗಡ
24-3-2024

ಮಗಳೇ ಗಂಗಾ,

ಪಾವಗಡಕ್ಕೆ ಬಂದು ಸೇರಿಕೊಂಡಿದ್ದೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ರೂಮು. ನಿಮ್ಮಮ್ಮ, ಅಜ್ಜಿ ಮಧುಗಿರಿಯಲ್ಲೇ ಇದ್ದಾರೆ. ಶನಿವಾರ ಹೋಗಿ ಬರುತ್ತೇನೆ. ಬಿಸಿಲಿನ ಬಗ್ಗೆ ನಿನಗೆ ಹೇಳಬೇಕಿಲ್ಲ, ನೀನು ಈ ರಸ್ತೆಯಲ್ಲಿ ತುಳಿದವಳು. ಮೊದಲ ದಿನವೇ ಟೀ ಅಂಗಡಿಯವನು ಕೇಳಿದ: "ಏಮಿ ಸಾರ್, ಪನಿಷ್ಮೆಂಟಾ?" "ಅವುನಪ್ಪಾ" ಎಂದು ನಾನೂ ತೆಲುಗಿನಲ್ಲೇ ಹೌದು ಅಂದೆ. ಯಾಕೆ ಎಂದು ಕೇಳಿದ. ಪೂರ್ತಿ ಹೇಳಿದೆ. ಈಗ ಅಂಗಡಿಗೆ ಬರುವವರಿಗೆಲ್ಲ ಅವನೇ ತೆಲುಗಿನಲ್ಲಿ ಹೇಳುತ್ತಾನೆ, ನಾನು ಹೇಳಿದ್ದಕ್ಕಿಂತ ಜೋರಾಗಿ.

ಮೊನ್ನೆ ಮಧುಗಿರಿಯಿಂದ ಇಬ್ಬರು ಬಂದಿದ್ದರು. ನನ್ನ ಜೊತೆ ಹತ್ತು ವರ್ಷ ಕೆಲಸ ಮಾಡಿದವರು, ಅವತ್ತು ನಕ್ಕವರು. "ದೂರು ವಾಪಸ್ ತಗೊಳ್ಳಿ ಲಕ್ಷ್ಮೀಪತಿ. ತಿಂಗಳೊಳಗೆ ಮಧುಗಿರಿಗೇ ಹಾಕಿಸ್ತೀನಿ ಅಂತ ಮ್ಯಾನೇಜರೇ ಅಂದಿದ್ದಾರೆ. ಈ ಬಿಸಿಲಲ್ಲಿ ಯಾಕೆ ಒದ್ದಾಡ್ತೀರ? ಏನೋ ಒಂದು ಮಾತು, ನೀವೂ ನಕ್ರಲ್ಲ" ಅಂದರು.

"ನಕ್ಕಿದ್ದೆ. ಅದನ್ನೂ ದೂರಿನಲ್ಲಿ ಬರೆದಿದ್ದೀನಿ. ನೀವಿಬ್ರೂ ನಕ್ಕಿದ್ದನ್ನೂ ಬರೆದಿದ್ದೀನಿ" ಅಂದೆ. ಟೀ ಅರ್ಧಕ್ಕೇ ಬಿಟ್ಟು ಹೋದರು.

ಏಪ್ರಿಲಿನಲ್ಲಿ ತುಮಕೂರಿನಲ್ಲಿ ವಿಚಾರಣೆ. ಮಲ್ಲೇಶ್ ಬರುತ್ತಾನೆ. ನಿಮ್ಮಜ್ಜಿಯೂ ಬರುತ್ತಾಳಂತೆ. ಅವ್ವಾ, ನಿನ್ನನ್ನು ಒಳಗೆ ಬಿಡುವುದಿಲ್ಲ, ಹೊರಗಡೆ ಕೂರಲು ಬೆಂಚೂ ಇರುತ್ತದೋ ಇಲ್ಲವೋ ಎಂದು ಫೋನಿನಲ್ಲಿ ಹೇಳಿದೆ.

"ನಿಂತ್ಕತೀನಿ ಬುಡ್ಲಾ" ಅಂದಳು.

ನಿನ್ನ ಅಪ್ಪ
ಲಕ್ಷ್ಮೀಪತಿ